ಹೆಸರಿಲ್ಲದ ಚುಕ್ಕೆಯ ಜಾಡು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಿಕ್ಕುವ ತೆರಕಣಾಂಬಿ ಬಹಳ ಹಳೆಯ ಊರು. ತ್ರಿಕದಂಬಪುರವೆಂಬುದು ಅದರ ಹಿಂದಿನ ಹೆಸರು. ಸುತ್ತಲೂ ಬಾಳೆ, ಅರಿಸಿನ, ತರಕಾರಿಗಳ ಹೊಲ. ಸಮೀಪದಲ್ಲಿ ಹುಲುಗನಮುರಡಿಯ ಬೆಟ್ಟ. ಪಶ್ಚಿಮದ ಅಂಚಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸಾಲು. ಮಳೆಗಾಲ ಮುಗಿದು ಆಕಾಶ ತಿಳಿಯಾದ ದಿನಗಳಲ್ಲಿ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಅಲ್ಲಿಯ ಮನೆಯ ಜಗಲಿಯಲ್ಲಿ ಕುಳಿತವರು ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದರೆ ಸಾಕು, ನಕ್ಷತ್ರಗಳ ನಡುವೆ ಒಂದು ಚುಕ್ಕೆ ಸದ್ದಿಲ್ಲದೆ ಸರಿದು ಹೋಗುವುದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಮಕ್ಕಳು ಅದನ್ನು ವಿಮಾನವೆನ್ನುತ್ತಾರೆ. ದೊಡ್ಡವರು ಉಪಗ್ರಹವೆನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಯಾವ ಉಪಗ್ರಹ? ಅದನ್ನು ಹಾರಿಸಿದವರು ಯಾರು? ಅದಿನ್ನೂ ಕೆಲಸ ಮಾಡುತ್ತಿದೆಯೆ, ಇಲ್ಲವೆ ಸತ್ತು ಸುತ್ತುತ್ತಿರುವ ಲೋಹದ ಮುದ್ದೆಯೆ? ಕೈಫೋನಿನಲ್ಲಿ ಸಿಕ್ಕುವ ಪಟ್ಟಿಗಳು ಅನೇಕ ವೇಳೆ ಇದಕ್ಕೆ ಉತ್ತರ ಕೊಡುತ್ತವೆ. ಎಲ್ಲ ವೇಳೆಯಲ್ಲಿಯೂ ಕೊಡುವುದಿಲ್ಲ. ಸೈನ್ಯದ ಗುಟ್ಟಿನ ಉಪಗ್ರಹಗಳ ಕಕ್ಷೆಯನ್ನು ಯಾವ ಸರ್ಕಾರವೂ ಸಾರಿ ಹೇಳುವುದಿಲ್ಲ. ಒಡೆದ ಚೂರುಗಳಿಗೆ ಎಷ್ಟೋ ಕಾಲ ಹೆಸರೇ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಒಂದು ಚುಕ್ಕೆಯ ಜಾಡು ಹಿಡಿದು ಅದರ ಕುಲಗೋತ್ರಗಳನ್ನು ತಿಳಿಯುವುದು ಹೇಗೆಂಬುದು ಸ್ವಾರಸ್ಯವಾದ ವಿಷಯ. ಅದಕ್ಕಿಂತ ಹೆಚ್ಚಾಗಿ, ಹಾಗೆ ತಿಳಿಯಬೇಕಾದದ್ದು ಏಕೆಂಬುದು ಯೋಚಿಸತಕ್ಕ ವಿಷಯ.

ಹೆಸರಿಲ್ಲದ ವಸ್ತು ಮನುಷ್ಯನನ್ನು ಎಷ್ಟು ಹೆದರಿಸಬಲ್ಲದು ಎಂಬುದಕ್ಕೆ ೧೯೬೦ರ ಫೆಬ್ರವರಿ ತಿಂಗಳ ಒಂದು ಪ್ರಸಂಗ ಸಾಕ್ಷಿಯಾಗಿದೆ. ರಷ್ಯದ ಮೊದಲ ಸ್ಪುಟ್ನಿಕ್ ಹಾರಿ ಆಗಿನ್ನೂ ಎರಡೂಕಾಲು ವರ್ಷವಾಗಿತ್ತು. ಅಮೆರಿಕದ ನೌಕಾಪಡೆ ತನ್ನ ನೆಲದ ಉದ್ದಕ್ಕೂ ರೇಡಿಯೋ ಅಲೆಗಳ ಒಂದು ಬೇಲಿಯನ್ನೇ ಹಾಕಿತ್ತು. ಮೇಲೆ ಹಾದುಹೋಗುವ ಯಾವ ವಸ್ತುವಾದರೂ ಆ ಅಲೆಗಳನ್ನು ಹಿಂದಕ್ಕೆ ಚಿಮ್ಮಿಸಿ ಸಿಕ್ಕಿಬೀಳುತ್ತಿತ್ತು. ಹೀಗೆ ಸಿಕ್ಕಿದ ಒಂದು ವಸ್ತು ಯಾವ ಲೆಕ್ಕಕ್ಕೂ ಹೊಂದಲಿಲ್ಲ. ಅದು ಯಾವ ಸಂಕೇತವನ್ನೂ ಕಳುಹಿಸುತ್ತಿರಲಿಲ್ಲ. ರಷ್ಯನ್ನರು ಗುಟ್ಟಾಗಿ ಹಾರಿಸಿದ ಬೇಹುಗಾರ ಉಪಗ್ರಹವೇ ಇರಬೇಕೆಂಬ ಗುಲ್ಲು ಪತ್ರಿಕೆಗಳಲ್ಲಿ ಎದ್ದಿತು. ಕಕ್ಷೆಯನ್ನು ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದಾಗ ನಿಜ ಹೊರಬಿತ್ತು. ಅದು ಅಮೆರಿಕದವರೇ ಹಾರಿಸಿದ್ದ ಡಿಸ್ಕವರರ್ ಸರಣಿಯ ಉಪಗ್ರಹದಿಂದ ದಾರಿ ತಪ್ಪಿ ಉಳಿದಿದ್ದ ಒಂದು ಭಾಗ! ವಿನೋದವು ಇಷ್ಟಕ್ಕೇ ಮುಗಿಯಲಿಲ್ಲ. ವೈಜ್ಞಾನಿಕ ಪ್ರಯೋಗಗಳೆಂದು ಹೊರಗೆ ಹೇಳಲಾಗಿದ್ದ ಆ ಡಿಸ್ಕವರರ್ ಸರಣಿಯು ಒಳಗೆ ಕೊರೋನಾ ಎಂಬ ಬೇಹುಗಾರಿಕೆಯ ಯೋಜನೆಯೇ ಆಗಿತ್ತೆಂಬುದು ೧೯೯೫ರಲ್ಲಿ ಬಹಿರಂಗವಾಯಿತು. ಪರರ ಗೂಢಚಾರನೆಂದು ಹೆದರಿದವರು ನೋಡಿದ್ದು ತಮ್ಮದೇ ಗೂಢಚಾರನ ಬೆನ್ನನ್ನು.

ಹಾಗಾದರೆ ಜಾಡು ಹಿಡಿಯುವುದು ಹೇಗೆ? ಮೊದಲು, ಕಂಡದ್ದು ಉಪಗ್ರಹವೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಉಲ್ಕೆಯಾದರೆ ಒಂದೆರಡು ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ. ವಿಮಾನಕ್ಕೆ ಮಿನುಗುವ ಕೆಂಪು ಹಸಿರು ದೀಪಗಳಿರುತ್ತವೆ. ಉಪಗ್ರಹಕ್ಕೆ ಸ್ವಂತ ದೀಪವಿಲ್ಲ. ನೆಲದ ಮೇಲೆ ಕತ್ತಲೆಯಾದ ಮೇಲೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಇನ್ನೂ ಇರುವುದರಿಂದ, ಆ ಬಿಸಿಲಿನಲ್ಲಿ ಅದು ಹೊಳೆಯುತ್ತದೆ. ಆದುದರಿಂದಲೇ ಸಂಜೆಯ ಮೊದಲ ಒಂದೆರಡು ಗಂಟೆ, ಬೆಳಗಿನ ಜಾವದ ಕೊನೆಯ ಒಂದೆರಡು ಗಂಟೆ ಇವುಗಳನ್ನು ಕಾಣಲು ತಕ್ಕ ವೇಳೆ. ಒಮ್ಮೊಮ್ಮೆ ಚುಕ್ಕೆಯು ಆಕಾಶದ ನಡುವೆಯೇ ಮಂಕಾಗಿ ಮಾಯವಾಗುವುದುಂಟು. ಅದು ಭೂಮಿಯ ನೆರಳನ್ನು ಹೊಕ್ಕಿತೆಂದು ತಿಳಿಯಬೇಕು.

ಇನ್ನೂ ಗಟ್ಟಿಯಾದ ಪರೀಕ್ಷೆಯೊಂದಿದೆ. ತೆರಕಣಾಂಬಿಯಿಂದ ಮೈಸೂರು, ಹಕ್ಕಿ ಹಾರುವ ದಾರಿಯಲ್ಲಿ, ಉತ್ತರಕ್ಕೆ ಸುಮಾರು ೫೫ ಕಿಲೋಮೀಟರ್. ೪೦೦ ಕಿಲೋಮೀಟರ್ ಎತ್ತರದ ಉಪಗ್ರಹವೊಂದು ತೆರಕಣಾಂಬಿಯವರ ನೆತ್ತಿಯ ಮೇಲೆ ಹಾಯುತ್ತಿರುವ ಕ್ಷಣದಲ್ಲಿಯೇ ಮೈಸೂರಿನವರೂ ಅದನ್ನು ಕಾಣುತ್ತಾರೆ. ಅವರಿಗೆ ಅದು ನೆತ್ತಿಯಿಂದ ದಕ್ಷಿಣಕ್ಕೆ ಎಂಟು ಡಿಗ್ರಿಯಷ್ಟು ವಾಲಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ; ಅದಕ್ಕಿಂತಲೂ ಸ್ವಲ್ಪ ಕಡಮೆ ಎಂದಾಯಿತು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ವಿಮಾನವಾದರೆ ಮೈಸೂರಿನಿಂದ ಅದು ದಿಗಂತದ ಬಳಿ ಮರಮನೆಗಳ ಮರೆಯಲ್ಲಿ ಅಡಗಿಹೋಗುತ್ತದೆ. ಎರಡು ಊರುಗಳಲ್ಲಿರುವ ಇಬ್ಬರು ನೆಂಟರು ಗಡಿಯಾರ ಸರಿಮಾಡಿಕೊಂಡು ನಿಂತರೆ ಸಾಕು, ಚುಕ್ಕೆಯ ಎತ್ತರ ಗೊತ್ತಾಗುತ್ತದೆ.

ಒಬ್ಬರೇ ಇದ್ದರೂ ಉಪಾಯವುಂಟು. ನೆತ್ತಿಯ ಬಳಿ ಹಾಯುವ ಚುಕ್ಕೆಯು ಒಂದು ಮುಷ್ಟಿಯ ಅಗಲವನ್ನು ದಾಟಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಎಣಿಸಬೇಕು. ಒಂಬತ್ತು ಹತ್ತು ಸೆಕೆಂಡಾದರೆ ಅದು ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿದೆ. ಇಪ್ಪತ್ತರ ಸಮೀಪವಾದರೆ ೮೦೦ ಕಿಲೋಮೀಟರ್. ಎತ್ತರ ತಿಳಿದರೆ ಅದು ಭೂಮಿಯನ್ನು ಸುತ್ತುವ ಅವಧಿಯೂ ತಿಳಿದಂತೆಯೇ. ಈ ಸಂಬಂಧವನ್ನು ಕೆಪ್ಲರನು ಗ್ರಹಗಳ ವಿಷಯದಲ್ಲಿ ನಾಲ್ಕು ಶತಮಾನಗಳ ಹಿಂದೆಯೇ ಕಂಡುಹಿಡಿದಿದ್ದಾನೆ. ೪೦೦ ಕಿಲೋಮೀಟರ್ ಎತ್ತರದ ಉಪಗ್ರಹ ಸುಮಾರು ೯೨ ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿಬರುತ್ತದೆ.

ಇನ್ನು ದಿಕ್ಕು. ತೆರಕಣಾಂಬಿ ಭೂಮಧ್ಯರೇಖೆಯಿಂದ ಸುಮಾರು ೧೧.೮ ಡಿಗ್ರಿ ಮಾತ್ರ ಉತ್ತರಕ್ಕಿದೆ. ಇಂತಹ ಕಡೆ ನಿಂತವರಿಗೆ ಒಂದು ಅನುಕೂಲವಿದೆ. ಚುಕ್ಕೆಯ ಹಾದಿ ಪೂರ್ವಪಶ್ಚಿಮ ರೇಖೆಯೊಡನೆ ಮಾಡುವ ಕೋನವು, ಸ್ವಲ್ಪ ಹೆಚ್ಚುಕಡಮೆಯಾಗಿ, ಕಕ್ಷೆಯು ಭೂಮಧ್ಯರೇಖೆಗೆ ಓರೆಯಾಗಿರುವ ಕೋನವೇ ಆಗಿರುತ್ತದೆ. ಈ ಓರೆಯು ಉಪಗ್ರಹದ ಹುಟ್ಟೂರಿನ ಗುರುತು. ಉಡಾವಣೆಯ ಸ್ಥಳ ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದೆಯೋ ಅದಕ್ಕಿಂತ ಕಡಮೆ ಓರೆಯ ಕಕ್ಷೆಯನ್ನು ಹಿಡಿಯುವುದು ಬಹಳ ದುಬಾರಿಯ ಕೆಲಸ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಓರೆ ೫೧.೬ ಡಿಗ್ರಿ, ಚೀನದ ನಿಲ್ದಾಣದ್ದು ೪೧.೫ ಡಿಗ್ರಿ. ಉತ್ತರದಿಂದ ದಕ್ಷಿಣಕ್ಕೆ ಹೆಚ್ಚುಕಡಮೆ ನೇರವಾಗಿ ಸಾಗುವುದಾದರೆ, ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳು ಹಿಡಿಯುವ ಧ್ರುವಗಾಮಿ ಕಕ್ಷೆ ಅದಾಗಿರಬೇಕು. ಪೂರ್ವದಿಂದ ಪಶ್ಚಿಮಕ್ಕೆ, ಲೋಕದ ನಡೆಗೆ ವಿರುದ್ಧವಾಗಿ ಸಾಗುವ ಚುಕ್ಕೆ ಕಂಡರೆ ಅದು ಇಸ್ರೇಲಿನದೆಂದು ಶಂಕಿಸಬಹುದು. ನೆರೆಯ ದೇಶಗಳ ಮೇಲೆ ರಾಕೆಟ್ಟು ಹಾಯಬಾರದೆಂದು ಅವರು ಮೆಡಿಟರೇನಿಯನ್ ಸಮುದ್ರದ ಮೇಲೆ ಪಶ್ಚಿಮಾಭಿಮುಖವಾಗಿ ಹಾರಿಸುತ್ತಾರೆ.

ಮೂರನೆಯದು ಮರುದಿನದ ಕಾಯುವಿಕೆ. ೯೨ ನಿಮಿಷಗಳಲ್ಲಿ ಭೂಮಿಯು ೨೩ ಡಿಗ್ರಿ ತಿರುಗಿಬಿಡುವುದರಿಂದ ಉಪಗ್ರಹದ ಮುಂದಿನ ಸುತ್ತು ತೆರಕಣಾಂಬಿಯ ಮೇಲೆ ಹಾಯದೆ, ಸುಮಾರು ೨,೫೦೦ ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ಮೇಲೆ ಹೋಗುತ್ತದೆ. ಇಂದು ಸಂಜೆ ಏಳು ಗಂಟೆಗೆ ಕಂಡದ್ದು ನಾಳೆ ಹದಿನೈದು ಸುತ್ತು ಮುಗಿಸಿ ಆರು ಗಂಟೆಗೆ ಪೂರ್ವದ ಕಡೆ ಬರುತ್ತದೆ. ಆಗ ಇನ್ನೂ ಬೆಳಕಿರುವುದರಿಂದ ಕಾಣುವುದಿಲ್ಲ. ಹದಿನಾರನೆಯ ಸುತ್ತಿನಲ್ಲಿ, ಏಳೂವರೆ ಗಂಟೆಯ ವೇಳೆಗೆ, ಪಶ್ಚಿಮದ ಕಡೆ ತಗ್ಗಿನಲ್ಲಿ ಕಂಡರೆ ಲೆಕ್ಕ ಸರಿಯಾಯಿತು. ಕಾಣದಿದ್ದರೆ ಎಣಿಸಿದ ಅವಧಿಯನ್ನು ತಿದ್ದಬೇಕು. ಹೀಗೆ ಮೂರು ನಾಲ್ಕು ದಿನ ತಿದ್ದಿದರೆ ಅವಧಿಯು ಸೆಕೆಂಡುಗಳ ಮಟ್ಟಿಗೆ ಸರಿಹೊಂದುತ್ತದೆ. ಆಗ ಪಟ್ಟಿಯನ್ನು ತೆರೆದು ನೋಡಿದರೆ, ಆ ಓರೆ, ಆ ಅವಧಿ, ಆ ವೇಳೆ ಮೂರೂ ಹೊಂದುವ ಹೆಸರು ಸಾಮಾನ್ಯವಾಗಿ ಒಂದೇ ಇರುತ್ತದೆ. ಯಾವುದೂ ಹೊಂದದಿದ್ದರೆ ಸಿಕ್ಕಿದ್ದು ನಿಜವಾದ ಅಪರಿಚಿತ. ತೇದಿಯಿಲ್ಲದ ಶಾಸನದಲ್ಲಿ ಗ್ರಹಣದ ಮಾತು ಬಂದಿದ್ದರೆ, ಪಂಚಾಂಗದ ಗಣಿತದಿಂದ ಸಂಶೋಧಕರು ಅದರ ಕಾಲವನ್ನು ನಿರ್ಣಯಿಸುವ ಬಗೆಯೂ ಇದೇ ಜಾತಿಯದು.

ಇಷ್ಟು ಸರಳವಾದ ಸಾಧನಗಳಿಂದ ದೊಡ್ಡ ಗುಟ್ಟೊಂದು ಬಯಲಾದದ್ದೂ ಉಂಟು. ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಶಾಲೆಯಲ್ಲಿ ಜೆಫ್ರಿ ಪೆರಿ ಎಂಬ ಭೌತಶಾಸ್ತ್ರದ ಉಪಾಧ್ಯಾಯರಿದ್ದರು. ಅವರೂ ಅವರ ವಿದ್ಯಾರ್ಥಿಗಳೂ ಸಾಧಾರಣವಾದ ರೇಡಿಯೋ ಗ್ರಾಹಕವೊಂದರ ಮುಂದೆ ಕುಳಿತು ರಷ್ಯದ ಉಪಗ್ರಹಗಳ ಸಂಕೇತಗಳನ್ನು ಆಲಿಸಿ ವೇಳೆಯನ್ನು ಬರೆದಿಡುತ್ತಿದ್ದರು. ೧೯೬೬ರ ಮಾರ್ಚ್ ೧೭ರಂದು ಹಾರಿದ ಕಾಸ್ಮೋಸ್ ೧೧೨ರ ಕಕ್ಷೆ ಹಿಂದಿನವುಗಳಂತಿರಲಿಲ್ಲ. ಅದರ ಓರೆ ೭೨ ಡಿಗ್ರಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಸ್ಮೋಸ್ ೧೨೯ ಹಾರಿತು. ಎರಡರ ಜಾಡುಗಳನ್ನೂ ಭೂಪಟದ ಮೇಲೆ ಹಿಂದಕ್ಕೆ ಎಳೆದಾಗ, ಅವು ಉತ್ತರ ರಷ್ಯದ ಪ್ಲೆಸೆಟ್ಸ್ಕ್ ಎಂಬ ಸ್ಥಳದ ಬಳಿ ಒಂದನ್ನೊಂದು ಕೂಡಿದವು. ಅಲ್ಲೊಂದು ಉಡಾವಣಾ ಕೇಂದ್ರವಿದೆಯೆಂದು ಆ ವರ್ಷದ ನವೆಂಬರಿನಲ್ಲಿ ಶಾಲೆಯವರು ಲೋಕಕ್ಕೆ ತಿಳಿಸಿದರು. ರಷ್ಯವು ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ೧೯೮೩ರಲ್ಲಿ.

ಕಣ್ಣಿಗೆ ಕಾಣದ ಉಪಗ್ರಹವನ್ನು ಕಿವಿಯಿಂದ ಹಿಡಿಯುವ ಈ ವಿದ್ಯೆಯ ತಿರುಳು ಸುಲಭವಾಗಿದೆ. ಚಾಮರಾಜನಗರದ ರೈಲು ಕೂಗುತ್ತಾ ಹತ್ತಿರ ಬರುವಾಗ ಅದರ ಸಿಳ್ಳು ತೀಕ್ಷ್ಣವಾಗಿಯೂ, ದಾಟಿ ದೂರವಾಗುವಾಗ ತಗ್ಗಿದಂತೆಯೂ ಕೇಳುವುದಷ್ಟೆ. ಉಪಗ್ರಹದ ರೇಡಿಯೋ ಸಂಕೇತಕ್ಕೂ ಇದೇ ಗತಿ. ಸ್ವರವು ಬೇಗನೆ ಇಳಿದರೆ ಉಪಗ್ರಹ ಹತ್ತಿರದಲ್ಲಿ ಹಾದಿದೆ. ನಿಧಾನವಾಗಿ ಇಳಿದರೆ ದೂರದಲ್ಲಿ. ಸ್ವರ ಇಳಿಯುವ ನಡುಗಾಲವೇ ಅದು ಅತ್ಯಂತ ಸಮೀಪಕ್ಕೆ ಬಂದ ಕ್ಷಣ. ೧೯೫೭ರಲ್ಲಿ ಸ್ಪುಟ್ನಿಕ್ಕಿನ ಸ್ವರವನ್ನು ಹೀಗೆ ಅಳೆದೇ ಅಮೆರಿಕದ ಇಬ್ಬರು ವಿಜ್ಞಾನಿಗಳು, ಗೈಯರ್ ಮತ್ತು ವೈಫೆನ್‌ಬಾಖ್, ಅದರ ಕಕ್ಷೆಯನ್ನು ಗುರುತಿಸಿದರು. ಇಂದು ಎಲ್ಲರ ಕೈಫೋನಿಗೂ ದಾರಿ ತೋರಿಸುವ ಉಪಗ್ರಹ ವ್ಯವಸ್ಥೆಯ ಮೂಲವೂ ಆ ಲೆಕ್ಕದಲ್ಲಿಯೇ ಇದೆ. ಹವ್ಯಾಸಿ ರೇಡಿಯೋದವರಿಗೆಂದೇ ಭಾರತವು ೨೦೦೫ರ ಮೇ ೫ರಂದು ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿತು. ಒಂಬತ್ತು ವರ್ಷಗಳ ಕಾಲ ಅದು ನಾನಾ ದೇಶಗಳ ಹವ್ಯಾಸಿಗಳ ಮಾತುಗಳನ್ನು ಒಬ್ಬರಿಂದೊಬ್ಬರಿಗೆ ಮುಟ್ಟಿಸಿತು.

ಭಾರತಕ್ಕೆ ಈ ಕಾವಲುಗಾರಿಕೆ ಹೊಸದೇನಲ್ಲ. ಉಪಗ್ರಹಗಳ ಚಿತ್ರ ತೆಗೆಯಲು ಜಗತ್ತಿನ ಹನ್ನೆರಡು ಕಡೆ ಸ್ಥಾಪಿಸಿದ್ದ ಬೇಕರ್-ನನ್ ಕ್ಯಾಮರಾಗಳಲ್ಲಿ ಒಂದು ೧೯೫೮ರಿಂದ ನೈನಿತಾಲಿನಲ್ಲಿ ಕೆಲಸ ಮಾಡಿತು. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟವು ೧೯೭೫ರ ಏಪ್ರಿಲ್ ೧೯ರಂದು ಹಾರಿದ ಮೇಲೆ, ದೇಶದ ಸ್ವಂತ ಉಪಗ್ರಹಗಳ ಜಾಡನ್ನು ಕಾಯಬೇಕಾಯಿತು. ಇಂದು ಆ ಹೊಣೆಯ ಕೇಂದ್ರ ಬೆಂಗಳೂರಿನ ಇಸ್ಟ್ರ್ಯಾಕ್. ಆಕಾಶದಲ್ಲಿ ಯಾವುದು ಯಾವುದಕ್ಕೆ ಅಡ್ಡ ಬರುತ್ತಿದೆಯೆಂದು ನೋಡಿಕೊಳ್ಳುವ ಪ್ರತ್ಯೇಕ ಕೇಂದ್ರವೊಂದನ್ನು ಇಸ್ರೋ ೨೦೨೨ರ ಜುಲೈನಲ್ಲಿ ಬೆಂಗಳೂರಿನಲ್ಲಿಯೇ ತೆರೆಯಿತು. ಶ್ರೀಹರಿಕೋಟೆಯ ರೇಡಾರು ಒಮ್ಮೆಗೇ ಹತ್ತು ವಸ್ತುಗಳನ್ನು ಹಿಂಬಾಲಿಸಬಲ್ಲದು.

ಇಷ್ಟು ಕಣ್ಣುಗಳಿದ್ದರೂ ಗುರುತು ಹಿಡಿಯುವ ಕೆಲಸ ಸುಲಭವಾಗಿಲ್ಲ. ೨೦೧೭ರ ಫೆಬ್ರವರಿ ೧೫ರಂದು ಪಿಎಸ್‌ಎಲ್‌ವಿ ರಾಕೆಟ್ಟು ಒಂದೇ ಹಾರಾಟದಲ್ಲಿ ೧೦೪ ಉಪಗ್ರಹಗಳನ್ನು ಸುಮಾರು ೫೦೫ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅವುಗಳಲ್ಲಿ ೮೮ ಒಂದೇ ಸಂಸ್ಥೆಗೆ ಸೇರಿದ, ಒಂದೇ ಅಚ್ಚಿನ ಪುಟ್ಟ ಉಪಗ್ರಹಗಳು. ಇಂತಹ ಗುಂಪು ಬಿಡುಗಡೆಯಾದಾಗ ರೇಡಾರಿಗೆ ಮೊದಲು ಕಾಣುವುದು ಬರಿಯ ಚುಕ್ಕೆಗಳ ಸಾಲು. ಪಟ್ಟಿಯಲ್ಲಿ ಅವು ಹೆಸರಿಲ್ಲದ ‘ವಸ್ತು’ಗಳೆಂದೇ ದಾಖಲಾಗುತ್ತವೆ. ಜಾತ್ರೆಯಲ್ಲಿ ಕೈತಪ್ಪಿದ ಮಗುವನ್ನು ತಾಯಿ ಅದರ ದನಿಯಿಂದ ಗುರುತಿಸುವಂತೆ, ಒಡೆಯರು ತಮ್ಮ ತಮ್ಮ ಉಪಗ್ರಹದ ಸಂಕೇತವನ್ನು ಆಲಿಸಿ, ಇಂಥದು ತಮ್ಮದೆಂದು ಹೇಳಿದ ಮೇಲೆಯೇ ಹೆಸರಿಡುವುದು. ದನಿಯೇ ಎತ್ತದೆ ಹೋದ ಉಪಗ್ರಹ ಬಹುಕಾಲ ಅನಾಮಧೇಯವಾಗಿಯೇ ಉಳಿಯಬಹುದು.

ದನಿ ನಿಂತ ಮೇಲೂ ಹುಡುಕಿ ತೆಗೆದ ಉದಾಹರಣೆ ಕರ್ನಾಟಕಕ್ಕೇ ಸಂಬಂಧಿಸಿದ್ದು ಒಂದುಂಟು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನ ದೊಡ್ಡ ಬೋಗುಣಿಯಾಕಾರದ ಆಂಟೆನಾದೊಡನೆ ಮಾತಾಡುತ್ತಿದ್ದ ಚಂದ್ರಯಾನ-೧ ನೌಕೆಯು ೨೦೦೯ರ ಆಗಸ್ಟ್ ೨೯ರಂದು ಮೌನವಾಯಿತು. ಚಂದ್ರನನ್ನು ಸುತ್ತುವ ಅದು, ಒಂದೂವರೆ ಮೀಟರ್ ಅಗಲದ ಪೆಟ್ಟಿಗೆ. ದೂರವೋ ಸುಮಾರು ೩,೮೦,೦೦೦ ಕಿಲೋಮೀಟರ್. ಅಮೆರಿಕದ ವಿಜ್ಞಾನಿಗಳು ಗೋಲ್ಡ್‌ಸ್ಟೋನಿನ ೭೦ ಮೀಟರ್ ಆಂಟೆನಾದಿಂದ ಚಂದ್ರನ ಉತ್ತರ ಧ್ರುವದ ಕಡೆಗೆ ಅಲೆಗಳನ್ನು ಕಳುಹಿಸಿ, ಮರಳಿದ ಪ್ರತಿಧ್ವನಿಯನ್ನು ಗ್ರೀನ್‌ಬ್ಯಾಂಕಿನ ದೊಡ್ಡ ದೂರದರ್ಶಕದಲ್ಲಿ ಹಿಡಿದರು. ಹಳೆಯ ಕಕ್ಷೆಯ ಲೆಕ್ಕಕ್ಕೆ ಸರಿಹೊಂದುವ ವಸ್ತುವೊಂದು ಅಲ್ಲಿ ಹಾಯುತ್ತಿರುವುದು ಕಂಡಿತು. ನೌಕೆ ಇನ್ನೂ ಚಂದ್ರನ ಮೇಲೆ ಸುಮಾರು ೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆಯೆಂದು ೨೦೧೭ರ ಮಾರ್ಚಿನಲ್ಲಿ ಸಾರಲಾಯಿತು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಗೃಹಿಣಿಯೊಬ್ಬರು ಕೇಳಿದರೆ ತಪ್ಪಲ್ಲ. ಆಕಾಶ ವಿಶಾಲವಾದದ್ದು, ಒಂದು ಚುಕ್ಕೆಗೆ ಹೆಸರಿಲ್ಲದಿದ್ದರೆ ಯಾರಿಗೇನು ನಷ್ಟ? ನಷ್ಟವುಂಟು. ೨೦೦೯ರ ಫೆಬ್ರವರಿ ೧೦ರಂದು, ಕೆಲಸ ಮಾಡುತ್ತಿದ್ದ ಇರಿಡಿಯಂ ೩೩ ಎಂಬ ಅಮೆರಿಕದ ಉಪಗ್ರಹವೂ ಸತ್ತುಹೋಗಿದ್ದ ರಷ್ಯದ ಕಾಸ್ಮೋಸ್ ೨೨೫೧ ಎಂಬುದೂ ಸುಮಾರು ೭೯೦ ಕಿಲೋಮೀಟರ್ ಎತ್ತರದಲ್ಲಿ ಡಿಕ್ಕಿ ಹೊಡೆದು ಸಾವಿರಾರು ಚೂರುಗಳಾದವು. ಭಾರತದ್ದೇ ಒಂದು ರಾಕೆಟ್ಟಿನ ಕೊನೆಯ ಹಂತ, ೨೦೦೧ರ ಅಕ್ಟೋಬರಿನಲ್ಲಿ ಉಪಗ್ರಹಗಳನ್ನು ಸರಿಯಾಗಿ ಬಿಟ್ಟ ಮೇಲೆ, ಅದೇ ಡಿಸೆಂಬರಿನಲ್ಲಿ ಕಕ್ಷೆಯಲ್ಲಿಯೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳನ್ನು ಚೆಲ್ಲಿತು. ಸೆಕೆಂಡಿಗೆ ಏಳು ಎಂಟು ಕಿಲೋಮೀಟರ್ ವೇಗದಲ್ಲಿ ಓಡುವ ಒಂದು ಗೋಲಿಯಷ್ಟು ಲೋಹವೂ ಉಪಗ್ರಹವನ್ನು ಕೊಲ್ಲಬಲ್ಲದು. ಹವಾಮಾನದ ಎಚ್ಚರಿಕೆ, ಬೆಳೆಯ ಅಂದಾಜು, ದಾರಿಯ ಗುರುತು ಎಲ್ಲವೂ ಉಪಗ್ರಹಗಳನ್ನು ನಂಬಿಕೊಂಡಿರುವ ಈ ಕಾಲದಲ್ಲಿ ಎದುರಿಗೆ ಬರುವುದು ಏನೆಂದು ತಿಳಿಯದಿದ್ದರೆ ತಪ್ಪಿಸಿಕೊಳ್ಳುವುದು ಹೇಗೆ?

ಎರಡನೆಯ ಕಾರಣ ಹೊಣೆಗಾರಿಕೆಯದು. ೧೯೭೮ರ ಜನವರಿ ೨೪ರಂದು ಅಣುಸ್ಥಾವರವನ್ನು ಹೊತ್ತಿದ್ದ ರಷ್ಯದ ಕಾಸ್ಮೋಸ್ ೯೫೪ ಕೆನಡದ ವಾಯವ್ಯ ಭಾಗದಲ್ಲಿ ಚೂರುಚೂರಾಗಿ ಉದುರಿ ವಿಕಿರಣವನ್ನು ಹರಡಿತು. ಅದು ಯಾರದೆಂಬುದು ನಿಶ್ಚಿತವಾಗಿದ್ದುದರಿಂದ, ಕೆನಡ ಸರ್ಕಾರಕ್ಕೆ ಪರಿಹಾರ ಕೇಳಲು ಸಾಧ್ಯವಾಯಿತು. ರಷ್ಯವು ಕೊನೆಗೆ ೩೦ ಲಕ್ಷ ಕೆನಡ ಡಾಲರುಗಳನ್ನು ಕೊಡಲು ಒಪ್ಪಿತು. ಹಾರಿಸಿದ ವಸ್ತು ಬಿದ್ದು ನೆಲದ ಮೇಲೆ ಹಾನಿಯಾದರೆ ಹಾರಿಸಿದ ದೇಶವೇ ಹೊಣೆಯೆಂದು ೧೯೭೨ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಹಾರಿಸಿದ್ದನ್ನು ವಿಶ್ವಸಂಸ್ಥೆಯ ದಾಖಲೆಯಲ್ಲಿ ಬರೆಸಬೇಕೆಂದು ೧೯೭೬ರಲ್ಲಿ ಜಾರಿಗೆ ಬಂದ ಇನ್ನೊಂದು ಒಪ್ಪಂದ ಹೇಳುತ್ತದೆ. ಭಾರತವೂ ಎರಡಕ್ಕೂ ಸೇರಿದೆ. ೨೦೨೩ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಡಲ ತೀರಕ್ಕೆ ದೊಡ್ಡದೊಂದು ಕೊಳವೆ ತೇಲಿಬಂದಾಗ ಊರಿನವರು ಗಾಬರಿಗೊಂಡರು. ಕಳೆದುಹೋದ ವಿಮಾನದ ಭಾಗವಿರಬಹುದೆಂಬ ಊಹೆಯೂ ಹಬ್ಬಿತು. ಎರಡು ವಾರಗಳಲ್ಲಿ ಅದು ಭಾರತದ ಪಿಎಸ್‌ಎಲ್‌ವಿಯ ಮೂರನೆಯ ಹಂತವಾಗಿರುವ ಸಂಭವವೇ ಹೆಚ್ಚೆಂದು ಅಲ್ಲಿಯ ಸಂಸ್ಥೆ ಪ್ರಕಟಿಸಿತು. ಹೆಸರು ತಿಳಿಯಿತು, ಗಾಬರಿ ಅಡಗಿತು. ಹೆಸರಿಲ್ಲದ ವಸ್ತುವಿಗೆ ಒಡೆಯನಿಲ್ಲ. ಒಡೆಯನಿಲ್ಲದ ಕಡೆ ಪರಿಹಾರ ಕೇಳುವುದು ಯಾರನ್ನು?

ಈಗ ಜಗತ್ತಿನ ಕಾವಲು ಕೇಂದ್ರಗಳು ಹಿಂಬಾಲಿಸುತ್ತಿರುವ ವಸ್ತುಗಳ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿದೆ. ೨೦೧೯ರ ಮೇ ತಿಂಗಳಿಂದೀಚೆಗೆ, ದೀಪಾವಳಿಯ ದೀಪಗಳಂತೆ ಒಂದರ ಹಿಂದೊಂದು ಸಾಲಾಗಿ ಹೋಗುವ ಸ್ಟಾರ್‌ಲಿಂಕ್ ಉಪಗ್ರಹಗಳೂ ಈ ಲೆಕ್ಕಕ್ಕೆ ಸೇರುತ್ತಿವೆ. ಅವನ್ನು ಮೊದಲ ಬಾರಿ ಕಂಡವರಿಗೆ ಬೆದರಿಕೆಯಾದರೆ ಆಶ್ಚರ್ಯವಿಲ್ಲ. ಆದರೆ ಕಂಡ ವೇಳೆಯನ್ನೂ ದಿಕ್ಕನ್ನೂ ಬರೆದುಕೊಂಡವರ ಬೆದರಿಕೆ ಬೇಗ ಕಳೆಯುತ್ತದೆ.

ಈ ಅಭ್ಯಾಸಕ್ಕೆ ಹಣ ಹೆಚ್ಚು ಬೇಡ. ಸೆಕೆಂಡು ತೋರಿಸುವ ಗಡಿಯಾರ, ನಕ್ಷತ್ರಗಳ ನಕ್ಷೆ, ಒಂದು ನೋಟುಪುಸ್ತಕ, ಇದ್ದರೆ ಒಂದು ಬೈನಾಕ್ಯುಲರು ಸಾಕು. ದಿನಾಂಕ, ನಿಂತ ಸ್ಥಳ, ಚುಕ್ಕೆಯು ಯಾವ ನಕ್ಷತ್ರದ ಪಕ್ಕ ಯಾವ ಸೆಕೆಂಡಿನಲ್ಲಿ ಹಾಯಿತು, ಎಲ್ಲಿ ಮಂಕಾಯಿತು, ಒಂದೇ ಸಮನಾಗಿ ಹೊಳೆಯಿತೋ ಅಥವಾ ಮಿನುಗಿತೋ ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ ಆಯಿತು. ಮಿನುಗುವುದಾದರೆ, ಹತೋಟಿ ತಪ್ಪಿ ಉರುಳಾಡುತ್ತಿರುವ ವಸ್ತುವಿರಬಹುದೆಂದು ಊಹಿಸಬಹುದು. ಗುಟ್ಟಿನ ಉಪಗ್ರಹಗಳ ಕಕ್ಷೆಗಳನ್ನು ದಶಕಗಳಿಂದ ಕಂಡುಹಿಡಿದು ತಿದ್ದುತ್ತ ಬಂದಿರುವವರು ಇಂತಹ ಸಾಲುಗಳನ್ನು ಬರೆದಿಟ್ಟ ನಾನಾ ದೇಶದ ಹವ್ಯಾಸಿಗಳೇ. ಅವರು ಹೆಚ್ಚಾಗಿ ಇರುವುದು ಯೂರೋಪು ಅಮೆರಿಕಗಳಲ್ಲಿ. ಭೂಮಧ್ಯರೇಖೆಗೆ ಸಮೀಪವಾದ ಕಡೆ, ಕಡಮೆ ಓರೆಯ ಕಕ್ಷೆಗಳು ಹಾಯುವ ಕಡೆ, ನೋಡುವ ಕಣ್ಣುಗಳು ವಿರಳ. ದೊಡ್ಡ ನಗರಗಳ ದೀಪದ ಬೆಳಕಿನಿಂದ ದೂರವಿರುವ ಕರ್ನಾಟಕದ ದಕ್ಷಿಣದ ತುದಿಯ ಊರುಗಳಿಗೆ ಆ ಕೊರತೆಯನ್ನು ತುಂಬುವ ಅವಕಾಶವಿದೆ. ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ಹತ್ತು ಮಕ್ಕಳು ಒಂದು ಚಳಿಗಾಲವೆಲ್ಲ ಈ ಲೆಕ್ಕವನ್ನಿಟ್ಟರೆ, ತ್ರಿಕೋನಮಿತಿಯೂ ಗುರುತ್ವದ ನಿಯಮಗಳೂ ಪುಸ್ತಕದಿಂದ ಹೊರಗೆ ಬಂದು ಅವರ ಸ್ವಂತದ್ದಾಗುತ್ತವೆ. ಯಾವ ಪಟ್ಟಿಗೂ ಸಿಕ್ಕದ ಚುಕ್ಕೆಯೊಂದು ಅವರ ನೋಟುಪುಸ್ತಕದಲ್ಲಿ ಮೊದಲು ದಾಖಲಾಗುವುದೂ ಅಸಾಧ್ಯವಲ್ಲ.